ಮೇಷ್ಟ್ರು ಕೈ ಇಡದ ಪೇಟಿ

ಹಾರ್ಮೋನಿಯಂ ರಿಪೇರಿ ಎಂದರೆ ಜನ ಅದೇನೋ ಸಂಗೀತದ ಕೆಲಸ ಅಂದುಕೊಂಡಿದ್ದಾರೆ. ಮುಕ್ಕಾಲು ಪಾಲು ಇಲಿಹಿಕ್ಕೆ ಬಳಿಯುವ ಕೆಲಸ. ಭಜನೆ ಮಂಡಳಿಯ ಪೇಟಿ ಬಿಚ್ಚಿದರೆ ಒಳಗೆ ಮಂಡಕ್ಕಿ ಸಿಗುತ್ತದೆ, ಕರ್ಪೂರದ ಚೂರು ಸಿಗುತ್ತದೆ, ಒಮ್ಮೆ ಯಾರದೋ ಮೂಗುಬೊಟ್ಟು ಸಿಕ್ಕಿತ್ತು. ಆಯುಧಪೂಜೆ ಮುಗಿದ ವಾರವಂತೂ ಕೇಳಲೇಬೇಡಿ. ಬೆರಳಿಟ್ಟು ಒತ್ತುವ ಬಿಳಿ ಕರಿ ಪಟ್ಟಿಗಳಿಗೆ ನಾವು ಮನೆ ಅನ್ನುತ್ತೇವೆ. ಭಕ್ತಿ ಉಕ್ಕಿ ಒಂದೊಂದು ಮನೆಗೂ ಕುಂಕುಮ ಇಟ್ಟು, ಮೇಲೆ ತೀರ್ಥವನ್ನೂ ಚಿಮುಕಿಸಿರುತ್ತಾರೆ. ಅದು ಸಂದಿಯಲ್ಲಿ ಇಳಿದು ಒಳಗಿನ ಹಿತ್ತಾಳೆ ನಾಲಿಗೆಗಳ ಮೇಲೆ ಕೂರುತ್ತದೆ. ಆಮೇಲೆ ಪೇಟಿ ನೆಗಡಿಯಾದವರ ಹಾಗೆ ಗೊರಗೊರ ಅನ್ನುತ್ತದೆ. ಇವರು ನನ್ನ ಹತ್ತಿರ ಹೊತ್ತು ತಂದು, "ಏನೋ ದೃಷ್ಟಿ ಆಗೈತ್ರೀ" ಅನ್ನುತ್ತಾರೆ.

ನನ್ನ ಅಂಗಡಿ ಶಿಕಾರಿಪುರದಲ್ಲಿ, ಬಸ್ ಸ್ಟ್ಯಾಂಡಿನಿಂದ ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲಿದೆ. ಒಂದು ಪಕ್ಕದಲ್ಲಿ ಔಷಧಿ ಹೊಡೆಯುವ ಪಂಪುಗಳ ರಿಪೇರಿ, ಇನ್ನೊಂದು ಪಕ್ಕದಲ್ಲಿ ಜೆರಾಕ್ಸ್. ಪಂಪಿನವನು ಇಂಜಿನ್ ಶುರು ಮಾಡಿದನೆಂದರೆ ನಾನು ಶ್ರುತಿ ನೋಡುವುದನ್ನು ನಿಲ್ಲಿಸಿ ಚರ್ಮ ಕತ್ತರಿಸುವ ಕೆಲಸ ಹಿಡಿಯುತ್ತೇನೆ. ಹೀಗೇ ನಡೆದುಕೊಂಡು ಬಂದಿತ್ತು. ಜಡೆ ಎಂಬ ಊರಿನ ಮೇಷ್ಟ್ರು ನನ್ನ ಹೊಟ್ಟೆಯ ಮೇಲೆ ಹೊಡೆಯುವ ತನಕ ನನಗೆ ಈ ಕೆಲಸದ ಬಗ್ಗೆ ದೊಡ್ಡ ದೂರೇನೂ ಇರಲಿಲ್ಲ.

ಮೇಷ್ಟ್ರು ಅಂದರೆ ಶಾಲೆಯವರಲ್ಲ, ನಾಟಕದ ಮೇಷ್ಟ್ರು. ನಿಂತು ಹೋದ ಒಂದು ನಾಟಕ ಕಂಪನಿಯಲ್ಲಿ ಪೇಟಿ ನುಡಿಸುತ್ತಿದ್ದವರು. ಕಂಪನಿ ಮುಚ್ಚಿದ ಮೇಲೆ ಊರಿಗೆ ಬಂದು, ಸೊರಬ ಶಿಕಾರಿಪುರ ಎರಡೂ ತಾಲ್ಲೂಕಿನ ಹಳ್ಳಿ ಹುಡುಗರಿಗೆಲ್ಲ ನಾಟಕ ಕಲಿಸಿದರು, ಭಜನೆ ಕಲಿಸಿದರು. ನನಗೆ ಶ್ರುತಿ ಕೂಡಿಸುವುದನ್ನು ಕಲಿಸಿದವರೂ ಅವರೇ. ಅವರ ಜಗಲಿಯಲ್ಲಿ ಕೂತು ಕಲಿತದ್ದನ್ನೇ ನಾನು ಇವತ್ತಿಗೂ ತಿನ್ನುತ್ತಿರುವುದು. ಅದನ್ನು ಇಲ್ಲ ಅನ್ನುವವನಲ್ಲ ನಾನು.

ನಮ್ಮ ಕಡೆ ಒಂದು ಪದ್ಧತಿ ಬೆಳೆದುಬಿಟ್ಟಿದೆ. ರಿಪೇರಿಯಾದ ಪೇಟಿಯನ್ನು ಯಾರೂ ನೇರವಾಗಿ ದೇವರ ಮುಂದೆ ಇಡುವುದಿಲ್ಲ. ಮೊದಲು ಜಡೆಗೆ ಒಯ್ಯುತ್ತಾರೆ. ಮೇಷ್ಟ್ರು ಜಗಲಿಯಲ್ಲಿ ಕೂತು ಎಲ್ಲ ಮನೆಗಳನ್ನೂ ಒಮ್ಮೆ ಓಡಿಸಿ ನೋಡುತ್ತಾರೆ. ಸರಿ ಕಂಡರೆ ಗಾಳಿ ಊದುವ ತಿದಿ ಮುಚ್ಚಿ, ಪೇಟಿಯ ಮುಚ್ಚಳದ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಇದಕ್ಕೆ ಕೈ ಇಡಿಸುವುದು ಅನ್ನುತ್ತಾರೆ. "ಪೇಟಿ ಆತಾ?" ಎಂದು ಯಾರೂ ಕೇಳುವುದಿಲ್ಲ, "ಕೈ ಇಡಿಸ್ಕೊಂಡ್ ಬಂದ್ರಾ?" ಎಂದೇ ಕೇಳುವುದು. ನನ್ನ ಕೆಲಸ ಮುಗಿಯುತ್ತಿದ್ದದ್ದು ನನ್ನ ಅಂಗಡಿಯಲ್ಲಲ್ಲ, ಅವರ ಅಂಗೈ ಕೆಳಗೆ. ಅಷ್ಟು ವರ್ಷ ಅವರು ಒಂದು ಪೇಟಿಗೂ ಕೈ ಇಡದೆ ಕಳಿಸಿದ್ದಿಲ್ಲ. ಹಾಗಾಗಿ ಈ ಪದ್ಧತಿ ನನಗೆ ಅನುಕೂಲವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಶ್ರಾವಣ ಹತ್ತಿರ ಬಂದಿತ್ತು. ತಾಳಗುಂದದ ಭಜನೆ ಮಂಡಳಿಯವರು ತಮ್ಮ ಪೇಟಿ ತಂದು ಹಾಕಿದರು. ಎರಡು ಸಾಲು ನಾಲಿಗೆಯ ಒಳ್ಳೆಯ ಪೇಟಿ, ಆದರೆ ಸ್ಥಿತಿ ನೋಡಲಾರದ ಹಾಗಿತ್ತು. ತಿದಿಯ ಮೂಲೆಯ ಚರ್ಮವನ್ನು ಇಲಿ ತಿಂದಿತ್ತು. ಮನೆಗಳ ಕೆಳಗಿನ ಸ್ಪ್ರಿಂಗುಗಳು ತುಕ್ಕು ಹಿಡಿದು, ಒತ್ತಿದ ಮನೆ ಮೇಲೆ ಬರುವುದಕ್ಕೆ ಸೋಮಾರಿತನ ಮಾಡುತ್ತಿತ್ತು. ಹಳೇ ಚರ್ಮ ಕಿತ್ತು, ಮರ ಉಜ್ಜಿ, ಮೂಲೆಗಳಿಗೆ ಆಡಿನ ತೆಳು ಚರ್ಮ ಅಂಟಿಸಿದೆ. ಸ್ಪ್ರಿಂಗು ಬದಲಿಸಿದೆ. ನಾಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಮೆತ್ತನೆಯ ಬ್ರಷ್ಷಿನಲ್ಲಿ ಕಿಲುಬು ತೆಗೆದೆ. ಆಮೇಲೆ ಶ್ರುತಿ.

ಶ್ರುತಿ ಕೂಡಿಸುವುದು ಹೇಗೆಂದು ಹೇಳಿಬಿಡುತ್ತೇನೆ, ಮುಂದಿನ ರಾಮಾಯಣಕ್ಕೆಲ್ಲ ಅದೇ ಕಾರಣ. ಪೇಟಿಯ ನಾಲಿಗೆ ಎಂದರೆ ತೆಳುವಾದ ಹಿತ್ತಾಳೆ ಪಟ್ಟಿ. ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ತುದಿ ಗಾಳಿಗೆ ಅದುರುತ್ತದೆ. ಸ್ವರ ಇಳಿದಿದ್ದರೆ ಅದುರುವ ತುದಿಯಲ್ಲಿ ಉಜ್ಜುವ ಸಣ್ಣ ಅರ ಆಡಿಸಬೇಕು, ತುದಿ ಹಗುರಾಗಿ ಸ್ವರ ಏರುತ್ತದೆ. ಏರಿದ್ದರೆ ಬುಡದಲ್ಲಿ ಆಡಿಸಬೇಕು, ಇಳಿಯುತ್ತದೆ. ಅರ ತಾಗಿದ ನಾಲಿಗೆ ಬಿಸಿಯಾಗುತ್ತದೆ, ಆರುವ ತನಕ ಅದರ ಮಾತು ನಂಬಬಾರದು. ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ತುದಿಯಲ್ಲೂ ಬುಡದಲ್ಲೂ ಉಜ್ಜಿ ಉಜ್ಜಿ ತೆಳ್ಳಗಾದ ನಾಲಿಗೆ ಒಂದು ದಿನ ಟಕ್ಕೆಂದು ಮುರಿಯುತ್ತದೆ. ಅದಕ್ಕೇ ನಾನು ಅರ ಕೈಗೆತ್ತಿಕೊಳ್ಳುವ ಮೊದಲು ಎರಡೆರಡು ಸಲ ಕೇಳುತ್ತೇನೆ. ಈಗ ಮೊಬೈಲಿನ ಶ್ರುತಿ ತೋರಿಸುವ ಆಪಿನಲ್ಲೂ ನೋಡುತ್ತೇನೆ. ಮುಳ್ಳು ನಡುವೆ ನಿಂತರೆ ಸರಿ ಅಂತ ಲೆಕ್ಕ.

ತಾಳಗುಂದದ ಪೇಟಿ ನನ್ನ ಕಿವಿಗೂ ಕೂಡಿತ್ತು, ಮುಳ್ಳಿಗೂ ಕೂಡಿತ್ತು. ಮಂಡಳಿಯ ಯಜಮಾನರು ಬಂದು ಹೊತ್ತುಕೊಂಡು ಜಡೆಗೆ ಹೋದರು. ಅವರು ಮೆಕ್ಕೆಜೋಳ ಬೆಳೆಯುವವರು, ಮಾತು ಕಡಿಮೆ, ಆದರೆ ಆಡಿದ್ದು ಕಲ್ಲಿನಲ್ಲಿ ಕೆತ್ತಿದಂತೆ. ಮಾರನೆಯ ದಿನವೇ ಪೇಟಿ ವಾಪಸ್ಸು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

"ಕೈ ಇಡಲಿಲ್ಲ ಮೇಷ್ಟ್ರು. ಮ್ಯಾಲಿನ ಸ್ವರ ಪೂರಾ ಇಳದಾವಂತ. ಏನ್ರೀ ಅಣ್ಣಾ, ದೇವರ ಕೆಲಸದಾಗೆ ಹಿಂಗ್ ಮಾಡೋದಾ?"

ನಾನು ಅವರೆದುರಿಗೇ ಒಂದೊಂದು ಮನೆ ಒತ್ತಿ ಮೊಬೈಲ್ ಹಿಡಿದು ತೋರಿಸಿದೆ. ಮುಳ್ಳು ಅಲುಗಾಡದೆ ನಡುವೆ ನಿಂತಿತು. ಅವರು ಬಗ್ಗಿ ನೋಡಿದರು, ಮೀಸೆ ಸವರಿಕೊಂಡರು.

"ಮೊಬೈಲ್ ಹೇಳಿದ್ದು ಮೊಬೈಲಿಗೆ. ಮೇಷ್ಟ್ರು ಹೇಳಿದ್ದು ನಮಗೆ" ಅಂದರು.

ಮೈ ಉರಿದುಹೋಯಿತು. ಆದರೂ ಪೇಟಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ. ಸೊರಬದಲ್ಲಿ ಬಸ್ ಬದಲಿಸಬೇಕು. ಜಡೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ: ಎಲ್ಲಿ ತಪ್ಪಿದೆ? ಸಾಗಿಸುವಾಗ ಕುಲುಕಿ ಏನಾದರೂ ಸಡಿಲವಾಯಿತಾ? ಮೇಷ್ಟ್ರು ತಪ್ಪಿರಬಹುದು ಎಂದು ನನ್ನ ತಲೆಗೆ ಬರಲೇ ಇಲ್ಲ.

ಮೇಷ್ಟ್ರು ಜಗಲಿಯಲ್ಲೇ ಇದ್ದರು. "ಬಂದ್ಯನಾ? ಬಾ. ಎಂತ ಮಾಡಿಟ್ಟಿದೀಯಾ ಮಾರಾಯಾ? ಕೆಳಗಿನ ಸ್ವರ ಲಾಯಕ್ಕದೆ. ಮೇಲೆ ಹೋದ ಹಾಗೆ ಎಲ್ಲಾ ಕುಸಿದು ಕೂತದೆ. ತೆಗಿ ಅರ. ತುದಿ ಉಜ್ಜು, ಏರಿಸು."

ಅವರು ಹೇಳಿದ ಮೇಲೆ ಇನ್ನೇನು! ಮೇಲಿನ ಪಂಚಮದ ನಾಲಿಗೆಗೆ ಒಂದೆರಡು ಸಲ ಅರ ಆಡಿಸಿ, ಆರಲು ಬಿಟ್ಟು, ಒತ್ತಿದೆ. ನನಗೆ ಆಗಲೇ ಕೊಂಚ ಏರಿ ಕೇಳಿತು.

"ಇನ್ನೂ" ಅಂದರು.

ಮತ್ತೆ ಆಡಿಸಿದೆ. ಈಗ ಕೆಳಗಿನ ಪಂಚಮದ ಜೊತೆ ಒತ್ತಿದರೆ ಎರಡೂ ಒಂದನ್ನೊಂದು ಕಚ್ಚುತ್ತಿದ್ದವು. ವ್ವಂ ವ್ವಂ ಎಂಬ ಅಲೆ ನನ್ನ ಹಲ್ಲಿನ ತನಕ ಬರುತ್ತಿತ್ತು.

"ಇನ್ನೂ ಸ್ವಲ್ಪ. ಹೆದರ್ಕೊಂಡು ಮಾಡ್ಬೇಡ."

ನನ್ನ ಕೈ ನಿಂತುಹೋಯಿತು. "ಮೇಷ್ಟ್ರೇ, ಇದು ಆಗಲೇ ಮೇಲೆ ಹೋಗಿದೆ. ಅಲೆ ಕೇಳಿಸ್ತಿಲ್ವಾ?"

"ಎಲ್ಲದೆ ಅಲೆ? ನಿಂಗೆ ಪೇಟೆಯಲ್ಲಿ ಕೂತು ಕೂತು ಕಿವಿ ಕೆಟ್ಟದೆ" ಎಂದರು. ಒಳಗೆ ಹೋಗಿ ತಮ್ಮ ಪೇಟಿ ತಂದರು. ಕಂಪನಿಯ ಕಾಲದ್ದು. ಅದರ ನಾಲಿಗೆಗಳು ಹಳೇ ಜರ್ಮನ್ ನಾಲಿಗೆಗಳು. ಅಂಥ ಹಿತ್ತಾಳೆ ಈಗ ಹುಡುಕಿದರೂ ಸಿಗುವುದಿಲ್ಲ. "ನೋಡು, ಗಾಳಿ ಹಿಡಿಯೋದು ಅಂದ್ರೆ ಹಿಂಗೆ. ನೀನು ಕಟ್ಟಿದ ತಿದಿಯೇ. ಒಂದು ಎಳೆ ಗಾಳಿ ಹೊರಗೆ ಹೋಗಲ್ಲ."

ಗಾಳಿ ಬಿಡುವ ಸ್ಟಾಪರುಗಳನ್ನೆಲ್ಲ ಮುಚ್ಚಿ, ತಿದಿ ತುಂಬಿಸಿ, ಕಿವಿಯನ್ನು ಅದಕ್ಕೆ ಒತ್ತಿ ಕಣ್ಣು ಮುಚ್ಚಿ ಕೂತರು. ಸೋರಿಕೆ ಕಂಡುಹಿಡಿಯುವುದು ಹೀಗೆಯೇ, ನನಗೆ ಕಲಿಸಿದ್ದೂ ಇದನ್ನೇ. ನಾನು ಜಗಲಿಯ ಆ ತುದಿಯಲ್ಲಿದ್ದೆ. ಅಲ್ಲಿಗೇ ಸ್ಸ್ಸ್ ಎಂದು ಗಾಳಿ ಸೋರುವ ಸದ್ದು ನೀರು ಕುದಿಯುವ ಹಾಗೆ ಕೇಳುತ್ತಿತ್ತು. ಮೇಷ್ಟ್ರು ಕಿವಿ ಇಟ್ಟುಕೊಂಡೇ ನಕ್ಕರು. "ಕೇಳ್ತಾ? ಸದ್ದಿಲ್ಲ. ಬಿಗಿ ಅಂದ್ರೆ ಬಿಗಿ."

ಅಯ್ಯೋ ದೇವರೇ, ಇವರಿಗೆ ಕೇಳುತ್ತಿಲ್ಲ! ಕೆಳಗಿನ ಸ್ವರ ಕೇಳುತ್ತದೆ, ಮಾತು ಕೇಳುತ್ತದೆ, ಮೇಲಿನದು ಹೋಗಿದೆ, ಅಥವಾ ತಪ್ಪಾಗಿ ಕೇಳುತ್ತಿದೆ. ಅರವನ್ನು ಚೀಲಕ್ಕೆ ಹಾಕಿದೆ. "ಆಗಲ್ಲ ಮೇಷ್ಟ್ರೇ. ಇದಕ್ಕಿಂತ ಏರಿಸಿದರೆ ಪೇಟಿ ಹಾಳಾಗ್ತದೆ" ಅಂದೆ. ಮೇಷ್ಟ್ರು ತಾಳಗುಂದದ ಪೇಟಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು. ವಾದ್ಯಕ್ಕೆ ಕಾಲು ತಾಗಿದರೆ ಹೊಡೆಯುತ್ತಿದ್ದ ಮನುಷ್ಯ.

ಬಸ್ ಸ್ಟಾಪಿನ ತನಕ ಅವರ ಹೆಂಡತಿ ಹಿಂದೆಯೇ ಬಂದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಆ ಮನೆಯಲ್ಲಿ ನನಗೆ ಊಟ ಬಡಿಸಿದ ಕೈ ಅದು.

"ಗೊತ್ತಾತಲ್ದಾ ತಮ್ಮಾ ನಿಂಗೆ?" ಅಂದರು.

"ಯಾವಾಗಿಂದ ಅಕ್ಕಾ?"

"ಕುಕ್ಕರ್ ಕೂಗಿದ್ದು ಕೇಳಲ್ಲ. ಫೋನು ಪಕ್ಕದಲ್ಲೇ ಬಡ್ಕೊಂಡ್ರೂ ಕೇಳಲ್ಲ. ಡಾಕ್ಟರ ಹತ್ರ ಹೋಗಣ ಅಂದ್ರೆ ನಂಗೇ ಬೈತಾರೆ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಹೊರಗೆ ಎಲ್ಲೂ ಹೇಳ್ಬೇಡ ತಮ್ಮಾ. ಮೇಷ್ಟ್ರಿಗೆ ಕಿವಿ ಹೋಗ್ಯದೆ ಅಂದ್ರೆ ಅವರ ಹತ್ರ ಯಾರು ಬತ್ತಾರೆ? ಎಂತ ಉಳಿತದೆ ಅವರಿಗೆ?"

"ಮತ್ತೆ ನನಗೆ ಏನು ಉಳಿಯುತ್ತೆ ಅಕ್ಕಾ? ಅವರು ಕೈ ಇಡದಿದ್ದರೆ ನನ್ನ ಪೇಟಿ ಯಾರು ಮುಟ್ಟುತ್ತಾರೆ?"

"ನಿಂಗೆ ಕೈಯಲ್ಲಿ ಕೆಲ್ಸ ಅದೆ. ಹೆಂಗೋ ಆತದೆ."

ಹೆಂಗೋ ಆತದೆ! ಎಷ್ಟು ಸಲೀಸು ಮಾತು. ಬೇರೆಯವರ ಹೊಟ್ಟೆಪಾಡಿನ ಬಗ್ಗೆ ಹೇಳುವಾಗ ಎಲ್ಲರಿಗೂ ಹೆಂಗೋ ಆಗುತ್ತದೆ. ಆದರೂ ಆ ಮುಖ ನೋಡಿ ಆಯ್ತು ಅಂದೆ. ಬಸ್ಸು ಬಂತು, ಹತ್ತಿದೆ.

ಅಂಗಡಿಗೆ ಬಂದು, ಉಜ್ಜಿ ಏರಿಸಿದ್ದ ಆ ಪಂಚಮದ ನಾಲಿಗೆಯನ್ನು ಬುಡದಲ್ಲಿ ಅರ ಆಡಿಸಿ ಮತ್ತೆ ಜಾಗಕ್ಕೆ ತಂದೆ. ಪೇಟಿ ಸರಿಯಾಗಿತ್ತು. ಸರಿಯಾಗಿದ್ದು ಏನು ಪ್ರಯೋಜನ? ಮಂಡಳಿಯ ಯಜಮಾನರು ಅದನ್ನು ಒಯ್ಯಲು ಒಪ್ಪಲಿಲ್ಲ. ಸುದ್ದಿ ಅಷ್ಟರಲ್ಲಿ ನನಗಿಂತ ಮುಂಚೆ ಬಸ್ ಹತ್ತಿಬಿಟ್ಟಿತ್ತು. ಸೊರಬದ ಕಡೆಯವರು ಕೊಟ್ಟಿದ್ದ ಇನ್ನೊಂದು ಪೇಟಿಗೂ ಮೇಷ್ಟ್ರು ಕೈ ಇಡಲಿಲ್ಲ. ರಿಪೇರಿಗೆಂದು ಬಿಟ್ಟಿದ್ದವರೊಬ್ಬರು ಬಂದು, "ಇನ್ನೂ ಬಿಚ್ಚಿಲ್ಲ ಅಲ್ಲಾ? ಹಂಗಾದ್ರೆ ಹಂಗೇ ಕೊಟ್ಬಿಡ್ರಿ" ಎಂದು ವಾಪಸ್ಸು ಒಯ್ದರು. ಮುಖ ನೋಡಿ ಮಾತಾಡಲಿಲ್ಲ. ಏನು ಹೇಳಲಿ ನಾನು? ಬಾಯಿಗೆ ಬೀಗ ಹಾಕಿಸಿಕೊಂಡು ಬಂದಿದ್ದೆನಲ್ಲ.

ಒಂದು ದಿನ ಅಕ್ಕ ಫೋನ್ ಮಾಡಿದರು. ದನಿ ಸಣ್ಣದು ಮಾಡಿಕೊಂಡು ಮಾತಾಡುತ್ತಿದ್ದರು. "ತಮ್ಮಾ, ಇವರು ತಮ್ಮ ಪೇಟಿಯನ್ನೇ ಬಿಚ್ಕೊಂಡು ಕೂತಿದಾರೆ. ಹಳೇ ಅರ ಹುಡ್ಕಿ ತೆಗೆದ್ರು. ದಿನಾ ಚರ ಚರ ಉಜ್ಜೋದೇ. ಅದರ ಸ್ವರಾನೂ ಇಳಿದು ಹೋಗ್ಯದೆ ಅಂತಾರೆ. ಎಂತ ಮಾಡ್ಲಿ?"

ನನಗೆ ಕೂತಲ್ಲಿ ಕೂರಲಾಗಲಿಲ್ಲ. "ಕಿತ್ಕೊಳ್ಳಿ ಅಕ್ಕಾ ಅರಾನ! ಬಾವಿಗೆ ಎಸೀರಿ! ಆ ನಾಲಿಗೆ ಹೋದರೆ ಮತ್ತೆ ಸಿಗಲ್ಲ" ಎಂದು ಕೂಗಿದೆ. ಪಕ್ಕದ ಪಂಪಿನವನು ಇಣುಕಿ ನೋಡಿದ. ಅಕ್ಕ, "ಅವರ ಕೈಯಿಂದ ಕಿತ್ಕಳೋದಾ ನಾನು?" ಎಂದು ಫೋನ್ ಇಟ್ಟರು.

ಶ್ರಾವಣದ ಕಡೇ ಸೋಮವಾರಕ್ಕೆ ತಾಳಗುಂದದವರು ಮೇಷ್ಟ್ರನ್ನೇ ಕರೆಸಿದರು, ಅವರದೇ ಪೇಟಿ ಸಮೇತ. ಯಜಮಾನರು ನನ್ನ ಅಂಗಡಿಗೂ ಬಂದು ಕರೆದರು. ಕರೆದ ರೀತಿ ಕೇಳಿ: "ನೀವೂ ಬರ್ರಿ ಅಣ್ಣಾ. ಶ್ರುತಿ ಅಂದ್ರ ಹೆಂಗಿರ್ತೈತಿ ಒಮ್ಮೆ ಕೇಳಿ ಹೋಗ್ರಿ." ವ್ಯಂಗ್ಯವಲ್ಲ ಅದು, ಮನಸಾರೆ ಹೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು. ಹೋಗಬಾರದಿತ್ತು, ಹೋದೆ. ಆ ಪೇಟಿಯ ಗತಿ ಏನಾಗಿದೆ ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ.

ಗುಡಿಯ ಮುಂದೆ ಜಮಖಾನ ಹಾಸಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಭಜನೆ ಶುರುವಾಯಿತು. ಆ ಊರಿನಲ್ಲಿ ಮುಂದಾಳಾಗಿ ಹಾಡುವುದು ಒಬ್ಬ ಹೆಂಗಸು. ಹೊಲದ ಕೆಲಸ ಮುಗಿಸಿ, ಮುಖ ತೊಳೆದು, ನೇರ ಬಂದು ಕೂತವಳು. ಪೇಟಿ ಇರಲಿ ಬಿಡಲಿ, ಆಕೆಯ ಸ್ವರ ನೆಟ್ಟ ಗೂಟದ ಹಾಗೆ ನಿಲ್ಲುತ್ತದೆ. ಕೆಳಗಿನ ಸ್ವರದ ಸಾಲು ಹಾಡುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಪದ ಮೇಲೆ ಏರಿದ್ದೇ ತಡ, ಆಕೆ ಒಂದು ಕಡೆ, ಪೇಟಿ ಒಂದು ಕಡೆ. ಮೇಷ್ಟ್ರು ಉಜ್ಜಿ ಉಜ್ಜಿ ಮೇಲಿನ ಸಪ್ತಕವನ್ನು ಎಲ್ಲಿಗೋ ಏರಿಸಿಬಿಟ್ಟಿದ್ದರು.

ಆಕೆ ಪೇಟಿಯನ್ನು ಹಿಡಿಯಲು ಸ್ವರ ಎತ್ತಿದಳು, ಸಿಗಲಿಲ್ಲ, ಮತ್ತೆ ತನ್ನ ಜಾಗಕ್ಕೇ ಬಂದಳು. ಮೇಷ್ಟ್ರು ನಿಲ್ಲಿಸಿದರು.

"ಎಂತದಮ್ಮಾ ಇದು? ಕೆಳಗೆ ಜಾರ್ತಿದೀಯಲ್ಲ! ಪೇಟಿ ಕೇಳ್ಕೊಂಡು ಹಾಡು."

ಮತ್ತೆ ಹಾಡಿದಳು. ಮತ್ತೆ ನಿಲ್ಲಿಸಿದರು. "ಅಪಸ್ವರ! ಇಷ್ಟು ವರ್ಷ ಕಲಿಸಿದ್ದು ನೀರಿಗೆ ಹಾಕ್ದಂಗಾತು."

ಎಲ್ಲರೂ ಆಕೆಯನ್ನೇ ನೋಡುತ್ತಿದ್ದರು. ತಾಳ ಹಾಕುತ್ತಿದ್ದವರು ತಾಳ ನಿಲ್ಲಿಸಿದರು. ಆಕೆ ತಲೆ ತಗ್ಗಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರನೆಯ ಸಲ ಮೇಷ್ಟ್ರು, "ಬೇರೆ ಯಾರಾದ್ರೂ ಹಾಡ್ರೋ" ಅಂದಾಗ ನನ್ನ ತಾಳ್ಮೆ ಕೆಟ್ಟಿತು. ನನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆದದ್ದಾದರೆ ನುಂಗಿಕೊಂಡಿದ್ದೆ. ಇದು ಬೇರೆ. ಅಕ್ಕನಿಗೆ ಕೊಟ್ಟ ಮಾತು ನೆನಪಿತ್ತು, ನೆನಪಿದ್ದೇ ಎದ್ದು ನಿಂತೆ.

"ಮೇಷ್ಟ್ರೇ, ಆಕೆ ಸರಿಯಾಗೇ ಹಾಡ್ತಿದ್ದಾರೆ. ಪೇಟಿ ತಪ್ಪು."

ಮೇಷ್ಟ್ರು ನಿಧಾನವಾಗಿ ನನ್ನ ಕಡೆ ತಿರುಗಿದರು. "ನನ್ನ ಪೇಟಿ ತಪ್ಪಾ? ಆದ್ರೂ ಆಗಿರಬೌದು. ಇದರ ತಿದಿ ಕಟ್ಟಿದೋನು ಯಾರು? ನೀನೇ ಅಲ್ದಾ?"

ಜನ ನಕ್ಕರು. ಯಾರೋ ಹಿಂದಿನಿಂದ, "ಅದ್ಕೇ ಕೆಟ್ಟೈತಿ ಬಿಡ್ರಿ" ಅಂದರು. ಆಗ ನನಗೆ ತಲೆ ಕೆಟ್ಟುಹೋಯಿತು. "ಪೇಟಿಯನ್ನ ನೀವೇ ಉಜ್ಜಿ ಹಾಳು ಮಾಡಿದೀರಿ. ನಿಮಗೆ ಮೇಲಿನ ಸ್ವರ ಕೇಳಲ್ಲ. ಕಿವಿ ಹೋಗಿದೆ ನಿಮಗೆ. ಮನೆಯವರನ್ನ ಕೇಳಿ!" ಅಂದುಬಿಟ್ಟೆ.

ಅಕ್ಕ ಹೆಂಗಸರ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಅವರು ನನ್ನನ್ನು ನೋಡಲಿಲ್ಲ. "ನಂಗೊತ್ತಿಲ್ಲಪ್ಪ ಅದೆಲ್ಲ. ಇವರ ಕಿವಿಗೆ ಎಂತ ಆಗ್ಯದೆ? ಸರೀ ಅದೆ" ಅಂದರು.

ಯಜಮಾನರು ನನ್ನ ರಟ್ಟೆ ಹಿಡಿದು ಜಮಖಾನದ ಆಚೆ ಕರೆದುಕೊಂಡು ಹೋದರು. ಬೈಯಲಿಲ್ಲ. "ಗುರುಗಳಿಗೆ ಹಂಗ ಅನ್ನಬಾರದಿತ್ತು. ಹೊಟ್ಟೆಕಿಚ್ಚು ಇರಬಾರದ್ರೀ ಮನುಷ್ಯಾಗ" ಅಂದರು. ಹಾಡುತ್ತಿದ್ದ ಆ ಹೆಂಗಸು ಚಪ್ಪಲಿ ಹುಡುಕುತ್ತಾ ಅಲ್ಲಿಗೇ ಬಂದಳು. ಆಕೆಯಾದರೂ ಒಂದು ಮಾತು ಹೇಳುತ್ತಾಳೆ ಅಂದುಕೊಂಡೆ.

"ನಿಮಗ್ಯಾಕ ಬೇಕಿತ್ತಣ್ಣ? ಮೇಷ್ಟ್ರು ಅಂದ್ರು ಅಂದಮ್ಯಾಗ ನಂದೇ ಎಲ್ಲೋ ತಪ್ಪಿರಬೇಕು" ಎಂದು ಮನೆ ಕಡೆ ಹೊರಟುಹೋದಳು. ಆಮೇಲೆ ಆಕೆ ಮಂಡಳಿಯಲ್ಲಿ ಹಾಡಲು ಬರುತ್ತಿಲ್ಲವಂತೆ.

ಥೂ ಅನ್ನಿಸಿತು. ನನಗೆ ಸಿಟ್ಟು ಬಂದದ್ದು ಮೇಷ್ಟ್ರ ಮೇಲಲ್ಲ. ಕೇಳಿಸದವರು ತಪ್ಪು ಹೇಳಿದರೆ ಅದೊಂದು ಕಾಯಿಲೆ ಎಂದುಕೊಳ್ಳಬಹುದು. ಕಿವಿ ನೆಟ್ಟಗಿದ್ದ ಅಷ್ಟು ಜನರ ಮುಂದೆಯೇ ಪೇಟಿ ಕರ್ಕಶವಾಗಿ ಕೂಗುತ್ತಿತ್ತು. ಒಬ್ಬರಿಗೂ ಕೇಳಿಸಲಿಲ್ಲವೇ? ಕೇಳಿಸಿರುತ್ತದೆ. ಕೇಳಿಸಿದ್ದನ್ನು ನಂಬುವ ಧೈರ್ಯ ಆಕೆಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಅಲ್ಲಿಂದ ಮುಂದೆ ನನ್ನ ಅಂಗಡಿಗೆ ಪೇಟಿ ಬರುವುದು ನಿಂತಿತು. ದಸರಾ ಬಂತು, ಆಯುಧಪೂಜೆ ಬಂತು, ಕುಂಕುಮ ತಿಂದು ಗೊರಗೊರ ಅನ್ನುವ ಪೇಟಿ ಒಂದೂ ಬರಲಿಲ್ಲ. ಯಾವುದನ್ನು ಬೈದುಕೊಂಡು ಮಾಡುತ್ತಿದ್ದೆನೋ ಅದಕ್ಕಾಗಿ ದಾರಿ ಕಾಯುವ ಹಾಗಾಯಿತು. ಪಕ್ಕದವನು ಪಾಪ ಎಂದು ಪಂಪಿನ ವಾಷರ್ ಕತ್ತರಿಸುವ ಕೆಲಸ ಕೊಟ್ಟ. ಚರ್ಮ ಕತ್ತರಿಸುವ ಕೈ ಅದು, ರಬ್ಬರ್ ಕತ್ತರಿಸಿತು. ತಾಳಗುಂದದವರು ದಾವಣಗೆರೆಯಿಂದ ಕೀಬೋರ್ಡ್ ತಂದರಂತೆ. ಅದಕ್ಕೆ ಯಾರ ಕೈ ಇಡಿಸುವುದೂ ಬೇಕಿಲ್ಲ, ಕರೆಂಟ್ ಇದ್ದರೆ ಸಾಕು. ಅವರ ಪೇಟಿ ನನ್ನ ಅಟ್ಟದ ಮೇಲೆಯೇ ಉಳಿಯಿತು. ವಾರಕ್ಕೊಮ್ಮೆ ಇಳಿಸಿ, ಧೂಳು ಹೊಡೆದು, ತಿದಿ ಆಡಿಸಿ ಇಡುತ್ತಿದ್ದೆ. ಹಾಗೇ ಬಿಟ್ಟರೆ ಚರ್ಮ ಬಿರುಸಾಗುತ್ತದೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೇಷ್ಟ್ರು ಅಂಗಡಿಯ ಮುಂದೆ ನಿಂತಿದ್ದರು. ಹಿಂದೆ ಅಕ್ಕ, ಸೊಂಟದ ಮೇಲೆ ಪೇಟಿಯ ಗಂಟು. ನಾನು ಬನ್ನಿ ಅನ್ನಲಿಲ್ಲ. ಎದ್ದು ಸ್ಟೂಲ್ ಮಾತ್ರ ಸರಿಸಿದೆ.

ಪಂಪಿನವನು ಅದೇ ಹೊತ್ತಿಗೆ ಇಂಜಿನ್ ಶುರು ಮಾಡಿದ. ಮೇಷ್ಟ್ರು ಬೆಚ್ಚಿಬಿದ್ದು ಕಿವಿ ಮುಚ್ಚಿಕೊಂಡರು. ಆಗ ನೋಡಿದೆ, ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ, ಕೇಳಿಸುವ ಮಿಷನ್ ಕೂತಿತ್ತು.

"ಕಡೆಗೂ ಡಾಕ್ಟರ ಹತ್ರ ಬಂದ್ರು. ಮೊನ್ನೆ ಶಿವಮೊಗ್ಗದಲ್ಲಿ ಹಾಕ್ಸಿದ್ವಿ ತಮ್ಮಾ" ಅಂದರು ಅಕ್ಕ. ನನ್ನ ಮುಖ ನೋಡದೆ, ಗಂಟು ಬಿಚ್ಚುತ್ತಲೇ ಮಾತಾಡಿದರು. "ನಿನ್ನೆ ಪೇಟಿ ಮುಟ್ಟಿದವರು ಬೆಂಕಿ ಮುಟ್ಟಿದ ಹಾಗೆ ಕೈ ತೆಗೆದ್ರು. ನಿನ್ನ ಹತ್ರ ಹೋಗೋದೇ ಅಂತ ಒಂದೇ ಹಟ."

ಪಕ್ಕದ ಇಂಜಿನ್ ನಿಲ್ಲಿಸಲು ಹೇಳಿ ಬಂದೆ. ಮೇಷ್ಟ್ರು ಆಗಲೇ ಅಟ್ಟದ ಮೇಲಿನ ಪೇಟಿ ನೋಡುತ್ತಿದ್ದರು. "ಅದನ್ನ ಇಳಿಸು" ಅಂದರು. ಇಳಿಸಿ ಮುಂದಿಟ್ಟೆ. ಕೆಳಗಿನಿಂದ ಮೇಲಿನ ತನಕ ಒಂದೊಂದೇ ಮನೆ ಒತ್ತುತ್ತಾ ಹೋದರು. ಅವಸರವಿಲ್ಲ. ಎರಡು ಪಂಚಮ ಒಟ್ಟಿಗೆ ಹಿಡಿದು ತುಂಬಾ ಹೊತ್ತು ಕೇಳಿದರು. ಹಳೇ ಮೇಷ್ಟ್ರ ಮುಖ ಒಂದು ಗಳಿಗೆ ಬಂದು ಹೋಯಿತು.

"ಲಾಯಕ್ಕಾಗಿ ಕೂಡಿಸಿದೀಯಲ್ಲೋ! ಯಾರದ್ದಿದು?"

"ತಾಳಗುಂದದ್ದು. ನೀವು ಕೈ ಇಡದೆ ಕಳಿಸಿದ್ದು."

ಅವರ ಬೆರಳು ಮನೆಯ ಮೇಲೆಯೇ ನಿಂತಿತು. ಆಮೇಲೆ ತಮ್ಮ ಪೇಟಿಯನ್ನು ಹತ್ತಿರ ಎಳೆದುಕೊಂಡು ಮೇಲಿನ ಸ್ವರ ಒತ್ತಿದರು. ಅದು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚಿತು. ಮುಖ ಕಿವುಚಿಕೊಂಡು ಕೈ ತೆಗೆದರು.

"ಬಿಚ್ಚು" ಅಂದರು.

ಬಿಚ್ಚಿದೆ. ಮೂಲೆಗಳಲ್ಲೆಲ್ಲ ಹಿತ್ತಾಳೆಯ ಪುಡಿ, ಹೊಂಬಣ್ಣದ ರಂಗೋಲಿ ಚೆಲ್ಲಿದ ಹಾಗೆ. ಮೇಲಿನ ಸಪ್ತಕದ ಒಂದೊಂದು ನಾಲಿಗೆಯ ತುದಿಯೂ ಹೊಳೆಯುತ್ತಿತ್ತು, ಬ್ಲೇಡಿನಷ್ಟು ತೆಳ್ಳಗಾಗಿತ್ತು. ಎರಡು ಆಗಲೇ ಬಿರುಕು ಬಿಟ್ಟಿದ್ದವು. ನನಗೆ ಅಳು ಬಂದ ಹಾಗಾಯಿತು, ಮೇಷ್ಟ್ರಿಗಾಗಿ ಅಲ್ಲ, ಆ ಹಿತ್ತಾಳೆಗಾಗಿ.

"ಸರಿ ಮಾಡಕ್ಕೆ ಬತ್ತದಾ?"

"ಇಲ್ಲ. ಬುಡ ಉಜ್ಜಿ ಇಳಿಸಲು ಹೋದರೆ ಮುರಿದುಹೋಗುತ್ತವೆ. ಬೇರೆ ನಾಲಿಗೆ ಹಾಕಬಹುದು, ಅದು ಈ ಪೇಟಿ ಆಗಲ್ಲ."

ತಾವೇ ಉಜ್ಜಿದ್ದು ಮರೆತವರ ಹಾಗೆ ಮೇಷ್ಟ್ರ ದನಿ ಏರಿತು. "ಯಾವೋನೋ ಇದನ್ನ ಹಿಂಗೆ ಉಜ್ಜಿದೋನು? ಯಾವ ಕೈಯೋ ಅದು?"

ಅಕ್ಕ ಈಗ ನನ್ನ ಕಡೆ ನೋಡಿದರು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ನಾನೇ ಎಂದು ಒಂದು ಮಾತು ಹೇಳಿಬಿಡು, ಹೇಗೂ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಭಜನೆಯ ದಿನ ಸುಳ್ಳು ಹೇಳಿದ ಅವರ ಬಾಯಿ ನನ್ನ ಕಣ್ಣ ಮುಂದೆ ಬಂತು.

"ನಿಮ್ಮದೇ ಮೇಷ್ಟ್ರೇ" ಅಂದೆ. "ನಿಮ್ಮ ಕೈ, ನಿಮ್ಮ ಅರ. ತಾಳಗುಂದದಲ್ಲಿ ಆ ಹೆಂಗಸು ಸರಿಯಾಗಿ ಹಾಡಿದ್ದಳು. ನಾನು ಕೂಡಿಸಿದ ಆ ಊರಿನ ಪೇಟಿಯೂ ಸರಿ ಇತ್ತು. ಅವತ್ತು ನಾನು ಹೇಳಿದ್ದೂ ನಿಜ."

ಅವರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ನಾನು ಕಾಯುತ್ತಿದ್ದೆ. ಕ್ಷಮೆ ಬೇಕಿರಲಿಲ್ಲ ನನಗೆ. ತಾಳಗುಂದದ ಪೇಟಿ ಅಲ್ಲೇ, ಅವರ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಅದರ ಮೇಲೆ ಒಂದು ಸಲ ಅಂಗೈ ಇಟ್ಟಿದ್ದರೆ ಸಾಕಿತ್ತು. ಎರಡು ತಾಲ್ಲೂಕಿನ ಬಾಯಿ ಮುಚ್ಚುತ್ತಿತ್ತು, ನನ್ನ ಬಾಗಿಲು ತೆರೆಯುತ್ತಿತ್ತು.

ಮೇಷ್ಟ್ರು ಕಿವಿಯ ಹಿಂದೆ ಕೈ ಹಾಕಿ ಮಿಷನ್ ತೆಗೆದರು. ಅದನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ನಾನು ಬಿಚ್ಚಿಟ್ಟಿದ್ದ ತಮ್ಮ ಪೇಟಿಯ ಹಲಗೆಯನ್ನು ತಾವೇ ಜಾಗಕ್ಕೆ ಕೂರಿಸಿ, ತಿದಿ ಎಳೆದು, ಅದೇ ಸ್ವರ ಒತ್ತಿದರು. ನನಗೂ ಅಕ್ಕನಿಗೂ ಕಿವಿ ಚುಚ್ಚಿತು. ಅವರು ತಲೆದೂಗಿದರು.

"ಈಗ ಸರಿ ಅದೆ ನೋಡು" ಅಂದರು.

ಮುಚ್ಚಳ ಹಾಕಿ ಅದರ ಮೇಲೆ ಅಂಗೈ ಇಟ್ಟು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನಡಿ, ಸೊರಬದ ಬಸ್ಸಿಗೆ ಹೊತ್ತಾತು" ಎಂದು ಎದ್ದರು.

ಅವರು ಬಸ್ ಸ್ಟ್ಯಾಂಡಿನ ಕಡೆ ತಿರುಗುವ ತನಕ ನೋಡಿದೆ. ಪಂಪಿನವನು ಇಂಜಿನ್ ಮತ್ತೆ ಶುರು ಮಾಡಲಾ ಎಂದು ಕೇಳಿದ. ಮಾಡು ಅಂದೆ. ತಾಳಗುಂದದ ಪೇಟಿಯ ತಿದಿಗೆ ಕೊಕ್ಕೆ ಹಾಕಿ, ಅಟ್ಟದ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟೆ.